ಒತ್ತು, ಹಿಡ್ಕ, ಬಿಡಡಾ

ಏಪ್ರಿಲ್ ಹೊತ್ತಿಗೆ ಹಿಮ ಕರಗಿ ಟೊರಾಂಟೊ ಆಸುಪಾಸಿನ ಮನೆಗಳ ಮುಂದೆ ನೆಲ ಕಾಣಿಸಿತೆಂದರೆ, ಶಿರಸಿ ಸೀಮೆಯ ಹುಲಗೋಳದ ಕಡೆಯಿಂದ ಹೋಗಿ ನೆಲೆಸಿದ ಹೆಗಡೆ, ಭಟ್ಟರುಗಳಲ್ಲಿ ಬೈಕಿನ ಹುಚ್ಚಿರುವವರು ಚಳಿಗಾಲವಿಡೀ ಮುಸುಕು ಹೊದ್ದಿದ್ದ ಗಾಡಿಯನ್ನು ಗ್ಯಾರೇಜಿನಿಂದ ಹೊರಗೆಳೆಯುತ್ತಾರೆ. ಹಳೇ ಯೋಗಾ ಮ್ಯಾಟು ಹಾಸಿ, ಮುಂಗಾಲಿಯ ಪಕ್ಕ ಚಕ್ಕಳಮಕ್ಕಳ ಹಾಕಿ, ಬ್ರೇಕ್ ಕ್ಯಾಲಿಪರ್ ಬಿಚ್ಚಲು ಕೂರುತ್ತಾರೆ. ನೋಡಿದ ನೆಂಟರಿಷ್ಟರ ತೀರ್ಪು ಮೊದಲೇ ಸಿದ್ಧ: ಮೆಕ್ಯಾನಿಕ್ಕಿನ ಮಜೂರಿ ಉಳಿಸುವ ಜಿಪುಣತನ, ಕಡಲು ದಾಟಿದರೂ ಬಿಡಲಿಲ್ಲ. ಈ ತೀರ್ಪು ಲೆಕ್ಕಕ್ಕೆ ನಿಲ್ಲುವುದಿಲ್ಲ. ಎಂಟು ಎಂಎಂ ರಿಂಗ್ ಸ್ಪ್ಯಾನರ್, ಟಾರ್ಕ್ ರೆಂಚ್, ಗಾಡಿ ನಿಲ್ಲಿಸುವ ಸ್ಟ್ಯಾಂಡು, ಬ್ರೇಕ್ ಕ್ಲೀನರಿನ ಡಬ್ಬಿ, ಡಬ್ಬಿ ಮುಟ್ಟಲೊಂದು ಕೈಗವಸು, ಇಷ್ಟನ್ನು ಕೊಂಡವನು ಮಜೂರಿ ಉಳಿಸಿದ ಎನ್ನುವುದು ಹಬ್ಬಕ್ಕೆ ರಿಯಾಯಿತಿಯಲ್ಲಿ ಸೀರೆ ಕೊಂಡವರು ದುಡ್ಡು ಉಳಿಸಿದರು ಎಂದ ಹಾಗಾಯಿತು. ನನ್ನ ವಾದ ಬೇರೆ. ಹೊರನಾಡಿನ ಕನ್ನಡ ಸಂಸಾರಕ್ಕೆ ನಾಲ್ಕು ಕೈ ಬೇಕೇಬೇಕು ಎನ್ನುವಂಥ ಕೆಲಸ ಅಲ್ಲಿ ಹೆಚ್ಚುಕಡಿಮೆ ಇದೊಂದೇ ಉಳಿದಿದೆ. ಆದ್ದರಿಂದ ಅದನ್ನು ಮನೆಯಲ್ಲೇ, ಇಬ್ಬರೇ ಕೂತು ಮಾಡಬೇಕು.

ಕೆಲಸದ ಸ್ವರೂಪ ನೋಡಿ. ಬ್ರೇಕಿನ ಹಿಡಿಕೆ ಒತ್ತಿದಾಗ ಮೇಲಿನ ಪುಟ್ಟ ಟ್ಯಾಂಕಿಯ ಕೆಳಗಿರುವ ಪಿಸ್ಟನ್ ಬ್ರೇಕ್ ಆಯಿಲನ್ನು ನೂಕುತ್ತದೆ; ದ್ರವ ಕುಗ್ಗುವುದಿಲ್ಲವಾದ್ದರಿಂದ ಆ ಒತ್ತಡ ಕೊಳವೆಯುದ್ದಕ್ಕೂ ಇಳಿದು ಕ್ಯಾಲಿಪರಿನ ಪಿಸ್ಟನ್ನನ್ನು ಪ್ಯಾಡಿನ ಮೇಲೂ, ಪ್ಯಾಡನ್ನು ಡಿಸ್ಕಿನ ಮೇಲೂ ಒತ್ತುತ್ತದೆ. ಆಯಿಲ್ ಎನ್ನುತ್ತೇವಾದರೂ ಸಾಮಾನ್ಯವಾಗಿ ಬಳಸುವ ಡಾಟ್ 4 ಎಣ್ಣೆಯ ಜಾತಿಯದ್ದಲ್ಲ. ಅದು ಗಾಳಿಯ ಪಸೆ ಹೀರಿಕೊಳ್ಳುತ್ತ ಹೋಗುತ್ತದೆ. ಹೊಸತರಲ್ಲಿ ಕನಿಷ್ಠ 230 ಡಿಗ್ರಿಯವರೆಗೆ ಕುದಿಯದೆ ಇರಬೇಕಾದದ್ದು ನೀರು ಸೇರಿದ ಮೇಲೆ 155ರ ಆಸುಪಾಸಿಗೆ ಇಳಿಯಬಹುದು; ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಿಸಿ ಎನ್ನುವುದು. ಒಳಗೆ ಗಾಳಿಯ ಗುಳ್ಳೆಯೋ ಆವಿಯೋ ಸೇರಿದರೆ ಅದು ಕುಗ್ಗುತ್ತದೆ, ಹಿಡಿಕೆ ಮೆತ್ತಗಾಗಿ ಕೈಗೆ ಬರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಈ ಗಾಳಿ ತೆಗೆಯುವುದೇ ಬ್ಲೀಡಿಂಗ್. ಕ್ಯಾಲಿಪರಿನ ನಿಪ್ಪಲ್ಲಿಗೆ ಪಾರದರ್ಶಕ ನಳಿಗೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಬಾಟಲಿಯ ಆಯಿಲಿನಲ್ಲಿ ಮುಳುಗಿಸಿ, ಒಬ್ಬರು ಹಿಡಿಕೆ ಒತ್ತಿ ಹಿಡಿದಿರಬೇಕು. ಆಗ ಇನ್ನೊಬ್ಬರು ನಿಪ್ಪಲ್ ಕಾಲು ಸುತ್ತು ಸಡಿಲಿಸಿ, ಗುಳ್ಳೆ ಹೊರಬಿದ್ದ ಮೇಲೆ ಬಿಗಿಯಬೇಕು. ಬಿಗಿದ ಮೇಲೇ ಹಿಡಿಕೆ ಬಿಡುವುದು. ಅರೆಗಳಿಗೆ ಮೊದಲು ಬಿಟ್ಟರೆ ಹೋದ ಗಾಳಿ ಹಿಂದಿರುಗಿ ಬಂದು ಕೂರುತ್ತದೆ, ಕೆಲಸ ಮೊದಲಿಂದ. ಆದ್ದರಿಂದ ಬಾಯಿ ಮುಚ್ಚಿಕೊಂಡು ಮಾಡುವ ಕೆಲಸವಲ್ಲ ಇದು. "ಒತ್ತು." "ಒತ್ತಿದಿ." "ಹಿಡ್ಕ, ಬಿಡಡಾ." "ಹೋಯ್, ಇನ್ನೂ ಎಷ್ಟೊತ್ತು ಹಿಡ್ಕಂಬುದು?" "ಆತು, ಈಗ ಬಿಡು." ಒಂದು ಭಾನುವಾರದ ಬೆಳಗ್ಗೆ ಇಷ್ಟು ಮಾತಾಡಿದ ದಂಪತಿ ಟೊರಾಂಟೊ ಪಕ್ಕದ ಬ್ರ್ಯಾಂಪ್ಟನ್ನಿನಲ್ಲಿ ಎಷ್ಟಿದ್ದಾರು!

ಅಲ್ಲಿಯ ಮನೆ ಒಂಟಿ ಕೈಗೆಂದೇ ಕಟ್ಟಿದ್ದು. ಪಾತ್ರೆಗೆ ಮಷೀನು, ಬಟ್ಟೆಗೆ ಇನ್ನೊಂದು, ಕಸ ಗುಡಿಸಲು ತನ್ನಷ್ಟಕ್ಕೆ ಓಡಾಡುವ ಬಿಲ್ಲೆ. ದೋಸೆ ಹಿಟ್ಟೂ ಪೊಟ್ಟಣದಲ್ಲಿ ಬಂತು. ಹುಲಗೋಳದ ಸುತ್ತಿನ ತೋಟದಲ್ಲಿ ಹೀಗಿರಲಿಲ್ಲ. ಮಳೆಗಾಲ ಶುರುವಾಗುವ ಮುಂಚೆ ಅಡಿಕೆಗೆ ಕೊಳೆ ಔಷಧಿ ಹೊಡೆಯುವುದನ್ನೇ ತೆಗೆದುಕೊಳ್ಳಿ: ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಕೊನೆಗೌಡ ಮರದ ತುದಿಯಲ್ಲಿ ನಳಿಗೆ ಹಿಡಿದಿದ್ದರೆ ಕೆಳಗೊಬ್ಬ ಪಂಪಿನ ಹಿಡಿಕೆ ಒತ್ತುತ್ತಿರಬೇಕು. ಕೆಳಗಿನವನ ಕೈ ಸೋತರೆ ಮೇಲಿನವನ ನಳಿಗೆಯಲ್ಲಿ ಬರುವುದು ಬರೀ ಉಗುಳು. ಹಿಡಿಕೆ, ಕೊಳವೆ, ಒತ್ತಡ, ಕೂಗು, ಮರುಕೂಗು; ಮುಂದೊಂದು ದಿನ ಬ್ರೇಕ್ ಬ್ಲೀಡ್ ಮಾಡಬೇಕಾದ ಹುಡುಗರಿಗೆ ಇದಕ್ಕಿಂತ ತಕ್ಕ ಪಾಠಶಾಲೆ ಇನ್ನೆಲ್ಲಿ? ತಮಾಷೆಯೆಂದರೆ ಈ ಪಾಠದ ಹಿಂದೆಯೂ ಒಬ್ಬ ಹೊರನಾಡಿಗನಿದ್ದಾನೆ. ಕೆನಡಾದ ಒಂಟಾರಿಯೊದವರಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ನೌಕರಿಗೆ ಬಂದು, 1910ರಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆ ಬರೆದು, ಮಲೆನಾಡಿನ ತೋಟಗಳಿಗೆ ಈ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣದ ದಾರಿ ತೋರಿಸಿದರು. ಒಂಟಾರಿಯೊದವರು ನಮಗೆ ಒತ್ತುವುದನ್ನು ಕಲಿಸಿದರು. ನಾವು ಅಲ್ಲಿ ಹೋಗಿ ಒತ್ತುತ್ತಿದ್ದೇವೆ. ಋಣಸಂದಾಯ ಎನ್ನಲೂಬಹುದು.

ಇದಕ್ಕೆ ಆಕ್ಷೇಪಗಳಿವೆ. ಗಾಳಿಯನ್ನು ಹೊರಕ್ಕೆ ಮಾತ್ರ ಬಿಡುವ ಕವಾಟವಿರುವ ನಿಪ್ಪಲ್ಲು ಸಿಗುತ್ತದೆ, ಕೆಳಗಿಂದ ಆಯಿಲ್ ಎಳೆಯುವ ವ್ಯಾಕ್ಯೂಮ್ ಪಂಪೂ ಸಿಗುತ್ತದೆ, ಒಬ್ಬನೇ ಮುಗಿಸಬಹುದಲ್ಲ ಎಂದು. ಮುಗಿಸಬಹುದು, ನಿಜ. ಊರಲ್ಲೂ ಈಗ ಪೆಟ್ರೋಲ್ ಇಂಜಿನ್ನಿನ ಪಂಪು, ನೆಲದಲ್ಲೇ ನಿಂತು ಹೊಡೆಯುವ ಫೈಬರ್ ದೋಟಿ ಬಂದಿವೆ. ಆದರೆ ತೋಟದಲ್ಲಿ ಅವು ಬಂದದ್ದು ಮರ ಹತ್ತುವವರು ಸಿಗದ್ದಕ್ಕೆ. ಡ್ರೈವ್‌ವೇಯಲ್ಲಿ ಅಂಥ ಬರವೇನಿಲ್ಲ. ಬೇಕಾದವರು ಒಳಗೆ ಸೋಫಾದ ಮೇಲೆ ಫೋನು ನೋಡುತ್ತಿದ್ದಾರೆ. ಇನ್ನೊಂದು ಆಕ್ಷೇಪ, ಕೊನೆಗೆ ಹೆಂಡತಿ ಹಿಡಿಕೆ ಒತ್ತುವ ಆಳಾಗುತ್ತಾಳೆ, ಗಂಡ ಸ್ಪ್ಯಾನರ್ ಹಿಡಿದ ಇಂಜಿನಿಯರಾಗುತ್ತಾನೆ ಎಂಬುದು. ಇದು ನ್ಯಾಯವಾದ ಮಾತು. ಪರಿಹಾರ ಸುಲಭ: ಸ್ಪ್ಯಾನರ್ ಅವಳ ಕೈಗೆ ಕೊಡುವುದು. ಹೊತ್ತಿಗೆ ಸರಿಯಾಗಿ ತೆರೆಯುವುದು, ಹೊತ್ತಿಗೆ ಸರಿಯಾಗಿ ಮುಚ್ಚುವುದು ಹಾಲು ಕಾಯಿಸಿದವರಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ಗಂಡನಿಗೂ ಇನ್ನೊಬ್ಬರು ಹೇಳುವವರೆಗೆ ಹಿಡಿದುಕೊಂಡಿರುವ ಅಭ್ಯಾಸವಾಗುತ್ತದೆ.

ಜೀವದ ಮೇಲಿನ ಕೆಲಸ, ಹವ್ಯಾಸಿಗಳು ಕೈಯಾಡಿಸಬಾರದು ಎಂಬುದು ಮೂರನೆಯದು, ಗಟ್ಟಿಯಾದದ್ದು. ಎಬಿಎಸ್ ಇರುವ ಕೆಲವು ಗಾಡಿಗಳಲ್ಲಿ ಒಳಗಿನ ಗಾಳಿ ತೆಗೆಯಲು ಕಂಪನಿಯ ಉಪಕರಣವೇ ಬೇಕು. ಅಂಥವನ್ನು ವರ್ಕ್‌ಶಾಪಿಗೆ ಒಯ್ಯಬೇಕು, ಅದರಲ್ಲಿ ಮಾನ ಹೋಗುವುದೇನಿಲ್ಲ. ಉಳಿದದ್ದರಲ್ಲಿ ಅಪಾಯ ತರುವುದು ಅಜ್ಞಾನಕ್ಕಿಂತ ಊರಿನ ಜಾಣತನ. ಚೈನನ್ನು ಸೀಮೆಎಣ್ಣೆಯಲ್ಲಿ ತೊಳೆದು ಪಳಗಿದ ಕೈ ಕ್ಯಾಲಿಪರಿಗೂ ಅದನ್ನೇ ಹಾಕಲು ಹೋಗುತ್ತದೆ. ಹಾಕಿದರೆ ಒಳಗಿನ ರಬ್ಬರ್ ಸೀಲು ಉಬ್ಬಿ ಕೆಡುತ್ತದೆ. ಸೋಪಿನ ನೀರು, ಹಳೇ ಹಲ್ಲುಜ್ಜುವ ಬ್ರಷ್ಷು ಸಾಕು. ಪ್ಯಾಡ್ ತೆಗೆದು, ಹಿಡಿಕೆಯನ್ನು ಮೆಲ್ಲಗೆ ಒತ್ತಿ ಪಿಸ್ಟನ್ ತುಸುವೇ ಹೊರಬರಿಸಿ, ಸುತ್ತ ಕಟ್ಟಿದ ಮಸಿಯನ್ನೂ ರಸ್ತೆಯುಪ್ಪಿನ ಕಿಲುಬನ್ನೂ ಉಜ್ಜಿ, ಆಮೇಲೇ ಒಳಕ್ಕೆ ನೂಕಬೇಕು. ಕೊಳೆಯೊಂದಿಗೇ ನೂಕಿದರೆ ಸೀಲು ಗೀರುತ್ತದೆ. ನೂಕುವಾಗ ಮೇಲಿನ ಟ್ಯಾಂಕಿ ಉಕ್ಕಿ ಪೇಂಟಿನ ಮೇಲೆ ಬಿದ್ದರೆ ಪೇಂಟು ಏಳುತ್ತದೆ, ಕೂಡಲೇ ನೀರು ಹಾಕಬೇಕು. ಬ್ಲೀಡ್ ಮಾಡುವಾಗ ಅದೇ ಟ್ಯಾಂಕಿ ತಳ ಕಂಡರೆ ಗಾಳಿ ಒಳಹೊಕ್ಕಿತೆಂದೇ ಲೆಕ್ಕ. ಎಲ್ಲ ಜೋಡಿಸಿದ ಮೇಲೆ ಹಿಡಿಕೆ ಗಟ್ಟಿಯಾಗುವವರೆಗೆ ಒತ್ತದೆ ಗಾಡಿ ಕದಲಿಸಬಾರದು, ಏಕೆಂದರೆ ಮೊದಲೆರಡು ಒತ್ತಿಗೆ ಬ್ರೇಕೇ ಇರುವುದಿಲ್ಲ.

ಟ್ಯಾಂಕಿ ಕಾಯಲು ಮೂರನೆಯವರು ಬೇಕು, ಅವರೂ ಮನೆಯಲ್ಲೇ ಇದ್ದಾರೆ. ಹೆತ್ತವರಿಗೆ ಕೆನಡಾ ಕೊಡುವ ಸೂಪರ್ ವೀಸಾದ ಮೇಲೆ ಬಂದು, ಟೀವಿಯ ರಿಮೋಟು ಅರ್ಥವಾಗದೆ ಕಿಟಕಿ ಬಳಿ ಕೂತ ಅಪ್ಪಯ್ಯನಿಗಿಂತ ಯೋಗ್ಯರು ಯಾರು? ಎಷ್ಟೋ ಮಳೆಗಾಲ ಔಷಧಿಯ ಡ್ರಮ್ಮು ಬರಿದಾಗದಂತೆ ಕಾದವರು ಅವರು. ಇಲ್ಲಿ ಕಾಯಬೇಕಾದದ್ದು ಅಂಗೈಯಗಲದ ಟ್ಯಾಂಕಿ. ಆಯಿಯ ಬಗ್ಗೆ ಮಾತ್ರ ಒಂದು ಎಚ್ಚರಿಕೆ. ಹಳೇ ಆಯಿಲ್ ಹಿಡಿಯಲು ಶಿರಸಿಯಿಂದ ತಂದ ಜೋನಿಬೆಲ್ಲದ ಬಾಟಲಿ ಬಳಸಿದರೆ ಚೀಟಿ ಕಿತ್ತು, ವಿಷವೆಂದು ದಪ್ಪಕ್ಷರದಲ್ಲಿ ಬರೆದು, ಅಲ್ಲಿಯ ಅಪಾಯಕಾರಿ ತ್ಯಾಜ್ಯ ಕೇಂದ್ರಕ್ಕೆ ಅವತ್ತೇ ಕೊಟ್ಟು ಬರಬೇಕು. ಬಣ್ಣ ಬೆಲ್ಲದ್ದೇ, ಮನೆಯಲ್ಲಿ ಅದಕ್ಕೆ ಜೊತೆಯಾದ ತೆಳ್ಳೇವು ದೋಸೆ ಎರೆಯುವ ಹೊತ್ತೂ ಅದೇ.