ಮೋಸ ಸಾರ್, ಮೋಸ!

ಭಾಷೆಯ ತರಗತಿಯಲ್ಲಿ ಆಟ ಎಂದರೆ, ಕಲಿಯುತ್ತಿದ್ದೇವೆಂಬ ಅನುಮಾನ ಮಕ್ಕಳಿಗೆ ಬಾರದಂತೆ, ಕಲಿಸುತ್ತಿದ್ದೇನೆಂಬ ನಂಬಿಕೆ ಮೇಷ್ಟ್ರಿಗೆ ಕಳೆಯದಂತೆ ಒಂದು ಪೀರಿಯಡ್ಡನ್ನು ದಾಟಿಸುವ ಉಪಾಯ. ಖರ್ಚು ಹೆಚ್ಚಿಲ್ಲ. ಒಂದು ತುಂಡು ಸೀಮೆಸುಣ್ಣ, ಹಳೆಯ ಲಗ್ನಪತ್ರಿಕೆಗಳಿಂದ ಕತ್ತರಿಸಿದ ರಟ್ಟಿನ ಚೂರುಗಳು, ಮೂವತ್ತು ನಲವತ್ತು ಮಕ್ಕಳು, ಪಕ್ಕದ ಕೋಣೆಯಲ್ಲಿ ಕಿವಿ ತುಸು ಮಂದವಾಗಿರುವ ಸಹೋದ್ಯೋಗಿ ಇದ್ದರೆ ಆಯಿತು. ಇವುಗಳಲ್ಲಿ ಕೊನೆಯದು ಎಲ್ಲ ಶಾಲೆಗೂ ಮಂಜೂರಾಗಿರುವುದಿಲ್ಲ.

ಆಟಗಳಿಗೆ ಮುಂಚೆ ಕಾಗುಣಿತವಿತ್ತು. ಕನ್ನಡದ 34 ವ್ಯಂಜನಗಳು, ಒಂದೊಂದಕ್ಕೆ 15 ರೂಪದಂತೆ 510 ಅಕ್ಷರಗಳು. ಒತ್ತಕ್ಷರದ ಲೆಕ್ಕ ಬೇರೆ. ಇಷ್ಟನ್ನೂ ಮಕ್ಕಳು ಮೈ ತೂಗಿಕೊಂಡು ರಾಗವಾಗಿ ಒಪ್ಪಿಸುತ್ತಿದ್ದರು. ನಡುವೆ ಒಂದು ಅಕ್ಷರದ ಮೇಲೆ ಬೆರಳಿಟ್ಟು ‘ಇದ್ಯಾವುದು?’ ಎಂದು ಕೇಳಿದರೆ ರಾಗ ಕಡಿದುಹೋಗಿ, ಮಗು ಮತ್ತೆ ಮೊದಲಿನಿಂದ ಹೊರಟು ಬರಬೇಕಾಗಿತ್ತು. ಇದನ್ನು ಗೇಲಿ ಮಾಡುವ ದೊಡ್ಡವರು ನಿಘಂಟು ತೆರೆದಾಗ ತುಟಿಯಲ್ಲೇ ‘ಪ ಫ ಬ ಭ ಮ’ ಎಂದು ಗುನುಗುವುದನ್ನು ಯಾರೂ ಗಮನಿಸದಿರಲಿ ಎಂದು ಬಯಸುತ್ತಾರೆ.

ಈ ಪದ್ಧತಿಗೆ ಸರ್ಕಾರಿ ಶಾಲೆಗಳಲ್ಲಿ ದೊಡ್ಡ ಪ್ರಮಾಣದ ಬದಲಾವಣೆ ಬಂದದ್ದು ‘ನಲಿ-ಕಲಿ’ಯಿಂದ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನೊಂದಿಗೆ ಅದು ಶುರುವಾಯಿತು. ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳಲ್ಲಿ ಕಾರ್ಡುಗಳ ಮೂಲಕ ನಡೆಯುತ್ತಿದ್ದ ಕಲಿಕೆ ಅದಕ್ಕೆ ಮಾದರಿ. 2009-10ರಲ್ಲಿ ಅದು ಇಡೀ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗೆ ಬಂತು. ಅಲ್ಲಿ ಅಕ್ಷರಗಳು ಅ ಆ ಇ ಈ ಎಂದು ಸರದಿಯಲ್ಲಿ ಬರುವುದಿಲ್ಲ; ‘ರ ಗ ಸ ದ ಅ’ ಎಂದು ಆರಂಭ. ವರ್ಣಮಾಲೆಯ ದಾರಿ ಹಿಡಿದರೆ ಮಗು ಋ ದಾಟಿ, ಙ ಮುಟ್ಟಿ, ಞ ತಲುಪುವಷ್ಟರಲ್ಲಿ ಮಳೆಗಾಲ ಮುಗಿದಿರುತ್ತದೆ, ಬಾಯಿಗೆ ಒಂದು ಪದ ಬಂದಿರುವುದಿಲ್ಲ. ಈ ಐದಕ್ಷರದ ಗುಂಪಿನಲ್ಲಾದರೆ ಮೊದಲ ವಾರಗಳಲ್ಲೇ ಅರಸನೂ ಸಿಗುತ್ತಾನೆ, ಅಗಸನೂ ಸಿಗುತ್ತಾನೆ. ಇಬ್ಬರ ನಡುವೆ ಒಂದೇ ಅಕ್ಷರದ ಅಂತರ. ಗರಗಸವನ್ನು ಕಣ್ಣಿಂದ ನೋಡುವ ಮೊದಲೇ ಅದನ್ನು ತಪ್ಪಿಲ್ಲದೆ ಬರೆಯಬಲ್ಲ ಒಂದು ಪೀಳಿಗೆಯೇ ಹೀಗೆ ತಯಾರಾಗಿದೆ.

ಕಾರ್ಡು ಜೋಡಿಸುವ ಆಟ ಈ ಹಂತದ್ದು. ನೆಲದ ಮೇಲೆ ಅಕ್ಷರದ ಕಾರ್ಡುಗಳನ್ನು ಹರಡಿ, ಯಾರು ಹೆಚ್ಚು ಪದ ಕೂಡಿಸುತ್ತಾರೋ ಅವರಿಗೆ ಗೆಲುವು. ಒಬ್ಬಳು ‘ಗಸಗಸ’ ಎಂದು ಜೋಡಿಸುತ್ತಾಳೆ. ಎದುರಾಳಿ ತಕ್ಷಣ ಎದ್ದು ನಿಲ್ಲುತ್ತಾನೆ: “ಮಿಸ್, ಅದು ಗಸಗಸೆ ಮಿಸ್. ಪಾಯಸಕ್ಕೆ ಹಾಕೋದು. ಇವಳು ಮೋಸ.” ಹುಡುಗಿ ಸೊಂಟದ ಮೇಲೆ ಕೈಯಿಟ್ಟು, “ನಮ್ಮಜ್ಜಿ ಪಾತ್ರೆ ಗಸಗಸ ಅಂತ ತಿಕ್ತಾಳೆ, ಬಂದು ನೋಡು” ಎನ್ನುತ್ತಾಳೆ. ಟೀಚರ್ ಅಂಕ ಕೊಡದೆ ವಿಧಿಯಿಲ್ಲ. ಅಷ್ಟರಲ್ಲಿ ಬಾಗಿಲು ತೆರೆಯಿತೆಂದು ಎಲ್ಲರಿಗೂ ತಿಳಿದು ಸರಸರ, ದರದರ, ಗರಗರ ಎಲ್ಲವೂ ನುಗ್ಗುತ್ತವೆ. ಐದು ವರ್ಷ ಕಳೆದ ಮೇಲೆ ವ್ಯಾಕರಣ ಪುಸ್ತಕದಲ್ಲಿ ಅನುಕರಣಾವ್ಯಯ ಎಂಬ ಭಾರದ ಹೆಸರಿನಲ್ಲಿ ಇವೇ ಮರಳಿ ಬಂದಾಗ ಯಾರಿಗೂ ಗುರುತು ಹತ್ತುವುದಿಲ್ಲ, ಅದು ಬೇರೆ ವಿಷಯ.

ಇಲ್ಲಿ ಗಮನಿಸಬೇಕಾದದ್ದು ಜಗಳವನ್ನು. ಆಟದಲ್ಲಿ ಮಗು ಹೇಳುವುದು ಒಂದೊಂದೇ ಪದ. ಜಗಳದಲ್ಲಿ ಪೂರ್ತಿ ವಾಕ್ಯ ಹೇಳುತ್ತದೆ, ಕಾರಣ ಕೊಡುತ್ತದೆ, ಸಾಕ್ಷಿ ತರುತ್ತದೆ, ಎದುರಾಳಿಯ ಮಾತನ್ನು ಕೇಳಿಸಿಕೊಂಡು ಅದರಲ್ಲೇ ತಪ್ಪು ಹುಡುಕುತ್ತದೆ. ‘ನನ್ನ ಶಾಲೆ’ ಎಂಬ ವಿಷಯ ಕೊಟ್ಟು ನಾಲ್ಕು ವಾಕ್ಯ ಮಾತಾಡು ಎಂದರೆ ಕಂಬ ಹಿಡಿದು ನಿಲ್ಲುವ ಹುಡುಗ, ತನ್ನ ಎರಡು ಅಂಕ ಹೋಯಿತೆಂದರೆ ವಕೀಲನಾಗುತ್ತಾನೆ. ಮೈಸೂರು ಕಡೆ “ಮೋಸ ಸಾ”, ಧಾರವಾಡದ ಕಡೆ “ಮೋಸ ಮಾಡ್ಯಾನ್ರೀ ಸರ್”, ಮಂಗಳೂರಲ್ಲಿ “ಇವ ಮೋಸ ಮಾಡ್ತಾನೆ ಸರ್” — ರೂಪ ಬೇರೆ, ನಿರರ್ಗಳತೆ ಒಂದೇ. ಯೋಜಿಸಿದ ಆಟ ಒಂದು ನೆಪ. ಅದು ಕೆಟ್ಟ ಜಾಗದಲ್ಲೇ ಭಾಷೆ ಕೆಲಸಕ್ಕೆ ಇಳಿಯುವುದು.

ಪದಗಳ ಅಂತ್ಯಾಕ್ಷರಿ ಇದಕ್ಕೆ ಒಳ್ಳೆಯ ಉದಾಹರಣೆ. ಒಂದು ತಂಡ ಹೇಳಿದ ಪದದ ಕೊನೆಯ ಅಕ್ಷರದಿಂದ ಇನ್ನೊಂದು ತಂಡ ಪದ ಹೇಳಬೇಕು. ಕನ್ನಡದಲ್ಲಿ ಳ ಮತ್ತು ಣ ಪದದ ಮೊದಲಲ್ಲಿ ಬರುವುದಿಲ್ಲ. ಹಾಗಾಗಿ ಳ ಬಂದರೆ ಲ, ಣ ಬಂದರೆ ನ ಎಂಬ ರಾಜಿ ಸೂತ್ರವಿದೆ. ಆದರೆ ಲ ಕೂಡ ಬಡ ಅಕ್ಷರವೇ. ಲೋಟ, ಲಂಗ, ಲವಂಗ, ಲಟ್ಟಣಿಗೆ, ಲಾರಿ, ಲಂಚ ಎನ್ನುವಷ್ಟರಲ್ಲಿ ಉಗ್ರಾಣ ಖಾಲಿ. ಇದನ್ನು ಮೊದಲು ಪತ್ತೆಹಚ್ಚುವುದು ಸಾಮಾನ್ಯವಾಗಿ ಹಿಂದಿನ ಬೆಂಚು. ಅಲ್ಲಿಂದ ‘ಮರಗಳು’ ಬರುತ್ತದೆ, ಆಮೇಲೆ ‘ರೊಟ್ಟಿಗಳು’, ‘ಟೊಮೇಟೊಗಳು’. ಎದುರು ತಂಡ ಲಕಾರದ ಬರಗಾಲದಲ್ಲಿ ಒದ್ದಾಡಿ ಮೇಷ್ಟ್ರಿಗೆ ದೂರು ಕೊಡುತ್ತದೆ. ಮೇಷ್ಟ್ರು ಬೋರ್ಡಿನ ಮೂಲೆಯಲ್ಲಿ ಬರೆಯುತ್ತಾರೆ: ‘ಬಹುವಚನ ಇಲ್ಲ.’

ಹಿಂದಿನ ಬೆಂಚು ಒಂದು ಕ್ಷಣ ಯೋಚಿಸಿ ‘ಅವಳು’ ಎನ್ನುತ್ತದೆ. ಏಕವಚನವೇ ತಾನೆ? ‘ಸರ್ವನಾಮ ಇಲ್ಲ’ ಎಂದು ಬೋರ್ಡಿನ ಮೇಲೆ ಎರಡನೇ ನಿಷೇಧ ಬೀಳುತ್ತದೆ. ಆಗ ‘ಬಂದಳು’. ಮೂರನೆಯದು: ‘ಕ್ರಿಯಾಪದ ಇಲ್ಲ.’ ಕೊನೆಗೆ ಅತ್ಯಂತ ವಿನಯದಿಂದ ‘ಮಗಳು’ ಬರುತ್ತದೆ. ನಾಮಪದ, ಏಕವಚನ, ತಡೆಯಲು ಯಾವ ಕಲಮೂ ಇಲ್ಲ. ಮೇಷ್ಟ್ರು ತಲೆ ಕೆರೆದುಕೊಂಡು ಒಪ್ಪುತ್ತಾರೆ. ಬೆಲ್ ಹೊಡೆಯುವ ಹೊತ್ತಿಗೆ ವಚನ, ಸರ್ವನಾಮ, ಕ್ರಿಯಾಪದ ಮೂರೂ ಅಪರಾಧಿಗಳಂತೆ ಬೋರ್ಡಿನ ಮೇಲೆ ಸಾಲಾಗಿ ನಿಂತಿರುತ್ತವೆ. ಯಾವುದು ಯಾವುದೆಂದು ಇಡೀ ತರಗತಿಗೆ ಗೊತ್ತು, ಏಕೆಂದರೆ ಪ್ರತಿಯೊಂದರ ಹಿಂದೆ ಒಂದು ಸೋಲಿದೆ. ಪಾಠಯೋಜನೆಯ ಪುಸ್ತಕದಲ್ಲಿ ಆ ದಿನದ ಉದ್ದೇಶವಾಗಿ ಬರೆದದ್ದು ಮಾತ್ರ ‘ಶಬ್ದಸಂಪತ್ತಿನ ವೃದ್ಧಿ’.

ಹೊರಗಿನಿಂದ ತಂದ ಆಟಗಳೆಲ್ಲ ಹೀಗೆ ಒಗ್ಗುವುದಿಲ್ಲ. ಸ್ಕ್ರ್ಯಾಬಲ್ ಪೆಟ್ಟಿಗೆಯಲ್ಲಿ 100 ಬಿಲ್ಲೆಗಳಿರುತ್ತವೆ. ಇಂಗ್ಲಿಷಿನ 26 ಅಕ್ಷರಕ್ಕೆ ಅಷ್ಟು ಧಾರಾಳ. ಕನ್ನಡದ ಕಾಗುಣಿತವನ್ನು ಮಾತ್ರ ತುಂಬಬೇಕೆಂದರೂ ಪೆಟ್ಟಿಗೆಯ ಬದಲು ಟ್ರಂಕು ಬೇಕು. ಹ್ಯಾಂಗ್‌ಮ್ಯಾನ್ ಆಟದ ಗತಿ ಇನ್ನೂ ಕಷ್ಟ. ಬೋರ್ಡಿನ ಮೇಲೆ ಮೂರು ಗೆರೆ ಎಳೆದು ‘ಸ್ವಾತಂತ್ರ್ಯ’ ಊಹಿಸಲು ಬಿಟ್ಟರೆ, “ಸ ಇದೆಯಾ ಸಾರ್?” ಎಂದು ಮಗು ಕೇಳುತ್ತದೆ. ಇದೆಯೆಂದರೆ ಇದೆ, ಇಲ್ಲವೆಂದರೆ ಇಲ್ಲ. ವ ಒತ್ತು ಕೊಟ್ಟು ದೀರ್ಘ ಎಳೆದಿದೆ. ಈ ವಿಚಾರಣೆ ಮುಗಿಯುವ ಮೊದಲೇ ಗಲ್ಲಿಗೇರಬೇಕಾದವನಿಗೆ ಕ್ಷಮಾದಾನ ಸಿಕ್ಕಿರುತ್ತದೆ. ಪದಬಂಧ ಮಾತ್ರ ಸಲೀಸಾಗಿ ನಮ್ಮ ಮನೆಯದೇ ಆಯಿತು. 1913ರ ಡಿಸೆಂಬರ್ 21ರಂದು ಆರ್ಥರ್ ವಿನ್ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ ಆ ಆಟ ಕನ್ನಡಕ್ಕೆ ಬಂದಾಗ ಒಂದು ಮನೆಗೆ ಒಂದು ಪೂರ್ತಿ ಅಕ್ಷರ ಎಂಬ ಕಟ್ಟಳೆ ಮಾಡಿಕೊಂಡಿತು. ‘ಸ್ತ್ರೀ’ ಎಷ್ಟೇ ಒತ್ತು ಹೊತ್ತು ಬಂದರೂ ಒಂದೇ ಚೌಕದಲ್ಲಿ ಕೂರುತ್ತಾಳೆ.

ಕೇಳುವ ಆಟಗಳಲ್ಲಿ ಕಿವಿಯಿಂದ ಕಿವಿಗೆ ಮಾತು ದಾಟಿಸುವುದು ಮುಖ್ಯ. ಮೊದಲ ಬೆಂಚಿನ ಮಗುವಿನ ಕಿವಿಯಲ್ಲಿ ‘ಅಜ್ಜಿ ಮಾಳಿಗೆ ಮೇಲೆ ಹಪ್ಪಳ ಒಣಹಾಕಿದಳು’ ಎಂದು ಉಸುರಿದರೆ, ಕೊನೆಯ ಬೆಂಚಿನಿಂದ ‘ಅಜ್ಜಿ ಮಾಳಿಗೆ ಮೇಲೆ ಅಪ್ಪನ್ನ ಒಣಹಾಕಿದಳು’ ಎಂದು ಹೊರಬೀಳುತ್ತದೆ. ನಗು ತಣ್ಣಗಾದ ಮೇಲೆ ಹಕಾರ ಕಳೆದುಹೋದ ಜಾಗದ ಪಂಚನಾಮೆ ಆಗುತ್ತದೆ. ಸಾಲಿನುದ್ದಕ್ಕೂ ಪ್ರತಿಯೊಬ್ಬರೂ ತಾವು ಕೇಳಿದ್ದನ್ನು ಗಟ್ಟಿಯಾಗಿ ಹೇಳಬೇಕು. ಹ ಮತ್ತು ಅ ಬೇರೆ ಎಂದು ಹಲಗೆಯ ಮೇಲೆ ಹತ್ತು ಸಲ ಬರೆದರೂ ತಲೆಗೆ ಹೋಗದ್ದು, ಅಪ್ಪ ಬಿಸಿಲಿಗೆ ಬಿದ್ದ ಕೂಡಲೇ ಹೋಗುತ್ತದೆ. ಹ ನುಂಗಿದ ಮಗುವನ್ನು ಅಣಕಿಸಕೂಡದು. ಅದರ ಮನೆಯಲ್ಲಿ ಯಾರೂ ಹ ಹೇಳುವುದಿಲ್ಲ, ಹಾಗೆಂದು ಅಲ್ಲಿನ ಹಪ್ಪಳದ ರುಚಿ ಕೆಟ್ಟಿಲ್ಲ. ಕೆಲವು ಶಾಲೆಗಳಲ್ಲಂತೂ ತನಿಖೆ ಹಿಂದೆ ಹಿಂದೆ ಹೋಗಿ ಮೇಷ್ಟ್ರ ಬಾಯಿಗೇ ಬಂದು ನಿಲ್ಲುವ ಅಪಾಯವಿದೆ.

ಮೈ ಕುಣಿಸುವ ಆಟಗಳಿಗೆ ಶಾಸ್ತ್ರದ ಬೆಂಬಲವೂ ಇದೆ. ಆಜ್ಞೆ ಕೇಳಿ ಮೈಯಿಂದ ಉತ್ತರಿಸುತ್ತ ಭಾಷೆ ಕಲಿಯಬೇಕು, ಬಾಯಿ ಆಮೇಲೆ ತಾನೇ ತೆರೆಯುತ್ತದೆ ಎಂಬ ವಿಧಾನವನ್ನು 1960ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ ರೂಪಿಸಿದರು. ನಮ್ಮ ಶಾಲೆಗಳ ‘ಕೆರೆ-ದಡ’ಕ್ಕೆ ಅವರ ಅನುಮತಿ ಬೇಕಾಗಲಿಲ್ಲ. ಗೆರೆಯ ಈಚೆ ದಡ, ಆಚೆ ಕೆರೆ. ಕೂಗಿದ್ದಕ್ಕೆ ತಕ್ಕಂತೆ ಜಿಗಿಯಬೇಕು, ತಪ್ಪಿದವರು ಔಟ್. ಭಾಷಾ ಪಾಠಕ್ಕೆ ಒಗ್ಗಿಸುವಾಗ ನಾಮಪದಕ್ಕೆ ಕೆರೆ, ಕ್ರಿಯಾಪದಕ್ಕೆ ದಡ ಎಂದು ಇಡುತ್ತಾರೆ. ‘ಮೇಜು’ ಎಂದರೆ ಎಲ್ಲರೂ ಕೆರೆಯಲ್ಲಿ, ‘ತಿನ್ನು’ ಎಂದರೆ ಎಲ್ಲರೂ ದಡದಲ್ಲಿ. ‘ಹಾಡು’ ಎಂದಾಗ ಅರ್ಧ ತರಗತಿ ಅತ್ತ, ಅರ್ಧ ಇತ್ತ. ಒಬ್ಬಳು ಮಾತ್ರ ಗೆರೆಯ ಎರಡೂ ಬದಿಗೆ ಒಂದೊಂದು ಕಾಲಿಟ್ಟು ನಿಂತಿರುತ್ತಾಳೆ. ಅವಳನ್ನು ಔಟ್ ಮಾಡುವ ಮೇಷ್ಟ್ರು ವ್ಯಾಕರಣ ಬಲ್ಲವರಲ್ಲ.

‘ಹೆಸರು, ಊರು, ಪ್ರಾಣಿ, ವಸ್ತು’ ಮೇಷ್ಟ್ರು ರಜೆ ಹಾಕಿದ ದಿನಗಳ ಆಟ. ಅದನ್ನು ಅಧಿಕೃತವಾಗಿ ಪಾಠಕ್ಕೆ ತಂದರೆ ಮಕ್ಕಳು ಮೊದಲು ಅನುಮಾನದಿಂದ ನೋಡುತ್ತಾರೆ. ಬೇರೆ ಯಾರೂ ಬರೆಯದ ಉತ್ತರಕ್ಕೆ ಹತ್ತು, ಹಂಚಿಕೊಂಡದ್ದಕ್ಕೆ ಐದು. ಹ ಬಂದರೆ ಕರ್ನಾಟಕದಲ್ಲಿ ಊರುಗಳ ಜಾತ್ರೆ: ಹಾಸನ, ಹಾವೇರಿ, ಹುಬ್ಬಳ್ಳಿ, ಹರಿಹರ, ಹೊಸಪೇಟೆ. ಔ ಬಂದರೆ ಬೀದರ ಜಿಲ್ಲೆಯ ಮಕ್ಕಳು ಮಾತ್ರ ನಗುತ್ತಾರೆ, ಔರಾದ ಅವರದೇ. ಪ್ರಾಣಿಯ ಕಾಲಮ್ಮಿನಲ್ಲಿ ಅವರೂ ಪೆನ್ನು ಕಚ್ಚುತ್ತಾರೆ. ಐ ಬಂದಾಗ ಐಶ್ವರ್ಯ, ಐಹೊಳೆ ಸುಲಭವಾಗಿ ಕೂತು, ‘ಐರಾವತ’ದಲ್ಲಿ ಗಲಾಟೆ ಹೊತ್ತಿಕೊಳ್ಳುತ್ತದೆ. ಒಬ್ಬ ಪ್ರಾಣಿಯ ಕೆಳಗೆ ಬರೆದಿದ್ದಾನೆ, ಇನ್ನೊಬ್ಬ ವಸ್ತುವಿನ ಕೆಳಗೆ. ಇಂದ್ರನ ಆನೆ ಮೃಗಾಲಯದಲ್ಲಿ ಸಿಗುವುದಿಲ್ಲ, ಆದ್ದರಿಂದ ಪ್ರಾಣಿಯಲ್ಲ ಎಂಬುದು ಎರಡನೆಯವನ ವಾದ. ಕೆಎಸ್‌ಆರ್‌ಟಿಸಿಯ ಆ ಹೆಸರಿನ ಬಸ್ಸು ವಸ್ತುವಲ್ಲ, ವಾಹನ ಎಂಬುದು ಮೊದಲನೆಯವನದು. ಇಬ್ಬರಿಗೂ ಹತ್ತು ಹತ್ತು ಕೊಟ್ಟು ಮುಂದಿನ ಅಕ್ಷರಕ್ಕೆ ಹೋಗುವುದು ಕ್ಷೇಮ.

ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೂ, ಅಮೆರಿಕದ ವಾರಾಂತ್ಯದ ಕನ್ನಡ ಶಾಲೆಗಳ ಮಕ್ಕಳಿಗೂ ಅಂಕಿ ಕಲಿಸಲು ತಂಬೋಲಕ್ಕಿಂತ ಒಳ್ಳೆಯ ಸಾಧನವಿಲ್ಲ. 1ರಿಂದ 90ರವರೆಗೆ ಕನ್ನಡದಲ್ಲೇ ಕೂಗಬೇಕು. ಇಪ್ಪತ್ತರಿಂದಾಚೆ ಕನ್ನಡದ ಲೆಕ್ಕ ನೇರವಾಗಿ ಹೋಗುತ್ತದೆ. ಹಿಂದಿಯಂತೆ ಒಂದೊಂದನ್ನೂ ಬೇರೆಯಾಗಿ ನೆನಪಿಡಬೇಕಿಲ್ಲ. ಒಂಬತ್ತು, ಎಂಬತ್ತು, ತೊಂಬತ್ತು ಮೂರೂ ಗದ್ದಲದಲ್ಲಿ ಒಂದೇ ಎಂದು ಕೇಳಿಸುವುದೊಂದೇ ತೊಡಕು. ಅರ್ಧಕ್ಕೂ ಹೆಚ್ಚು ತಪ್ಪು ಗೆಲುವುಗಳು ಅಲ್ಲೇ ಹುಟ್ಟುತ್ತವೆ. ಅಲ್ಲಿಯೂ ಮಕ್ಕಳು ಇಂಗ್ಲಿಷ್ ಮರೆತು “ಅದು ಎಂಬತ್ತು! ನಾನು ಕೇಳಿಸಿಕೊಂಡೆ!” ಎಂದು ಕೂಗುತ್ತಾರೆ. ಅಪ್ಪ ಅಮ್ಮಂದಿರು ಅದನ್ನು ಮೊಬೈಲಿನಲ್ಲಿ ಹಿಡಿದು ಊರಿನ ಅಜ್ಜಿಗೆ ಕಳಿಸುತ್ತಾರೆ.

ಇನ್ನು ತೊಂದರೆಗಳು. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಹತ್ತು ನಿಮಿಷ ತಂಡಕ್ಕೆ ಹೆಸರಿಡುವುದಕ್ಕೇ ಹೋಗುತ್ತದೆ. ಹಿಂದೆ ಕಾವೇರಿ, ತುಂಗಾ, ಶರಾವತಿ ಎಂದರೆ ಮುಗಿಯುತ್ತಿತ್ತು. ಈಗ ನಾಲ್ಕು ತಂಡಗಳೂ ಆರ್‌ಸಿಬಿಯೇ ಆಗಬೇಕು. ಎಲ್ಲ ಉತ್ತರವನ್ನೂ ತಾನೇ ಕಸಿದುಕೊಳ್ಳುವ ಚುರುಕು ಮಗುವಿಗೆ ಅಂಕ ಬರೆಯುವ ಹುದ್ದೆ ಕೊಟ್ಟು ಕೂರಿಸುವುದು ಅನುಭವಿಗಳ ಉಪಾಯ; ಬಾಯಿ ಬಿಡದ ಮಗುವನ್ನು ಜೋಡಿಯಲ್ಲಿ ಆಡಿಸಬೇಕು, ಇಡೀ ತರಗತಿಯ ಮುಂದೆ ನಿಲ್ಲಿಸಬಾರದು. ಸಾಮಗ್ರಿಯದು ಇನ್ನೊಂದು ಕಥೆ. 2023ರಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ 3ರಿಂದ 8 ವರ್ಷದ ಮಕ್ಕಳಿಗಾಗಿ ‘ಜಾದೂಯಿ ಪಿಟಾರಾ’ ಎಂಬ ಆಟಿಕೆಗಳ ಪೆಟ್ಟಿಗೆಯನ್ನು ಹೊರತಂದಿತು. ಇಂಥ ಪೆಟ್ಟಿಗೆ ಯಾವುದೇ ಬರಲಿ, ಮೊದಲು ದಾಸ್ತಾನು ವಹಿಗೆ ಏರಿ, ನಂತರ ಬೀರುವಿನೊಳಗೆ ಹೋಗುವುದು ರೂಢಿ. ಒಂದು ಕಾರ್ಡು ಕಳೆದರೆ ತಪಾಸಣೆಯ ದಿನ ಉತ್ತರ ಹೇಳುವವರು ಯಾರು? ಲಗ್ನಪತ್ರಿಕೆಯ ಚೂರಿಗೆ ಆ ಭಯವಿಲ್ಲ.

ಗದ್ದಲದ ಬಗ್ಗೆ ಮುಖ್ಯೋಪಾಧ್ಯಾಯರ ಸಹನೆ ಊರಿಂದೂರಿಗೆ ಬೇರೆ. ಮಕ್ಕಳ ಪದ್ಯಗಳನ್ನು ಬರೆದ ಪಂಜೆ ಮಂಗೇಶರಾಯರು ಶಾಲಾ ಇನ್‌ಸ್ಪೆಕ್ಟರರೂ ಆಗಿದ್ದರು ನಿಜ, ಆದರೆ ತಪಾಸಣೆಗೆ ಬರುವವರೆಲ್ಲ ಪಂಜೆಯವರಾಗಿರುವುದಿಲ್ಲ. ಆದ್ದರಿಂದ ಒಂದು ಮಗುವನ್ನು ಕಿಟಕಿಯ ಬಳಿ ಕೂರಿಸಿ, ಜೀಪು ಕಂಡರೆ ಕೆಮ್ಮು ಎಂದು ಹೇಳಿಡುವುದುಂಟು.

ಕೊನೆಯದು ಮೌಲ್ಯಮಾಪನ. ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಗಳಲ್ಲಿ ಭಾಷಾ ಆಟಕ್ಕೂ ಜಾಗ ಮಾಡಿಕೊಳ್ಳಬಹುದು. ಪಾಲ್ಗೊಳ್ಳುವಿಕೆ, ಸಹಕಾರ, ಉಚ್ಚಾರಣೆ ಎಂದು ಕಾಲಮ್ಮುಗಳನ್ನು ಎಳೆದು ಅಂಕ ಹಾಕಬಹುದು. ‘ಮಗಳು’ ಎಂದು ವಾದ ಗೆದ್ದವನಿಗೂ, ಐರಾವತ ವಸ್ತುವೆಂದು ಸಾಧಿಸಿದವನಿಗೂ ಅದರಲ್ಲಿ ಕಾಲಮ್ಮಿಲ್ಲ. ಅವರ ವಿಷಯವನ್ನು ಪೋಷಕರ ಸಭೆಯಲ್ಲಿ ಬಾಯಿಮಾತಲ್ಲಿ ತಿಳಿಸಲಾಗುತ್ತದೆ: “ನಿಮ್ಮ ಹುಡುಗ ಕ್ಲಾಸಿನಲ್ಲಿ ಮಾತು ಸ್ವಲ್ಪ ಜಾಸ್ತಿ, ಮನೇಲಿ ಗಮನ ಕೊಡಿ.”