ದೋಸೆ ಹಿಟ್ಟಿನ ಭೂಪಟ

ಮೈಸೂರಿನಲ್ಲಿ ವಿಳಾಸ ಕೇಳಿದರೆ ಯಾರೂ ವಿಳಾಸ ಹೇಳುವುದಿಲ್ಲ, ದಾರಿ ಹೇಳುತ್ತಾರೆ. "ಆಂದೋಲನ ಸರ್ಕಲ್ ಗೊತ್ತಲ್ಲ? ಅಲ್ಲಿಂದ ಸೀದಾ ಬಂದ್ರೆ ಒಂದು ಹೊಂಗೆ ಮರ ಸಿಗುತ್ತೆ. ಅಲ್ಲಿ ತಿರುಗಬೇಡಿ. ಮುಂದೆ ಇನ್ನೊಂದು ಹೊಂಗೆ ಮರ, ಅಲ್ಲಿ ತಿರುಗಿ, ಆಮೇಲೆ ಯಾರನ್ನಾದ್ರೂ ಕೇಳಿ." ಬಡಾವಣೆ ಮಾಡಿದವರು ಹಂತ, ಮೇನು, ಕ್ರಾಸು ಎಂದು ಅಚ್ಚುಕಟ್ಟಾಗಿ ಅಂಕಿ ಹಾಕಿಕೊಟ್ಟಿದ್ದಾರೆ, ನಿಜ. ಆದರೆ 7ನೇ ಕ್ರಾಸಿನ ಮಗ್ಗುಲಲ್ಲೇ 12ನೇ ಕ್ರಾಸು ಎದುರಾದಾಗ ಅಂಕಿಗಿಂತ ಹೊಂಗೆ ಮರವೇ ವಾಸಿ ಅನ್ನಿಸುತ್ತದೆ.

ಈ ಹೊಂಗೆ ಮರದ ವ್ಯವಸ್ಥೆಯನ್ನೇ ನಂಬಿ ನನ್ನ ಷಡ್ಡಕ ದೋಸೆ ಹಿಟ್ಟಿನ ವ್ಯಾಪಾರ ಶುರು ಮಾಡಿದ. ಮಧ್ಯಾಹ್ನ ರುಬ್ಬಿ, ಪ್ಯಾಕೆಟ್ ಕಟ್ಟಿ, ಬೆಳಗಿನ ಜಾವ ಲಗೇಜ್ ಆಟೋದಲ್ಲಿ ಅಂಗಡಿ ಅಂಗಡಿಗೆ ಹಾಕಿಬರುವ ಕಸುಬು. ಯಾವ ಅಂಗಡಿ ಎಲ್ಲಿ, ಯಾವುದು ಎಷ್ಟು ಹೊತ್ತಿಗೆ ಬಾಗಿಲು ತೆಗೆಯುತ್ತದೆ, ಯಾವ ಬೀದಿಯಲ್ಲಿ ನಾಯಿ ಕಾಟ, ಎಲ್ಲವೂ ಡ್ರೈವರಣ್ಣನ ತಲೆಯಲ್ಲಿ ಭದ್ರವಾಗಿತ್ತು. ಆತ ಅಕ್ಕನ ಮಗಳ ಮದುವೆಗೆಂದು ಊರಿಗೆ ಹೋದ ವಾರ ನಮ್ಮ ಕಡೆಯ ಬಡಾವಣೆಗಳೆಲ್ಲ ಉಪ್ಪಿಟ್ಟು ತಿಂದವು. ಹಿಟ್ಟು ಕಾಯುವ ಪದಾರ್ಥವಲ್ಲ. ಹೊತ್ತು ಮೀರಿದರೆ ಹುಳಿ. ಬೇಸಿಗೆಯಲ್ಲಂತೂ ಪ್ಯಾಕೆಟ್ಟು ಮುನಿಸಿಕೊಂಡ ಹೊಸ ಅಳಿಯನ ಮುಖದ ಹಾಗೆ ಊದಿಕೊಂಡು ವಾಪಸ್ ಬರುತ್ತದೆ.

ಆಗ ಎಂಜಿನಿಯರಿಂಗ್ ಓದುತ್ತಿದ್ದ ಷಡ್ಡಕನ ಮಗಳು, "ಅಪ್ಪಾ, ನಮ್ಮದೇ ಒಂದು ಮ್ಯಾಪ್ ಮಾಡೋಣ" ಎಂದಳು. "ಮ್ಯಾಪು ಫೋನಲ್ಲೇ ಇದೆಯಲ್ಲೇ" ಅಂದ ಇವನು. ಇದೆ, ನೋಡುವುದಕ್ಕೆ. ನಮ್ಮ ಲೆಕ್ಕವನ್ನು ಅದರೊಳಗೆ ಕೂರಿಸಿ, ನಮ್ಮದೇ ಆ್ಯಪಿನಲ್ಲಿ ಮತ್ತೆ ಮತ್ತೆ ತೆರೆಯಬೇಕೆಂದರೆ ಮೀಟರು ಓಡಲು ಶುರುವಾಗುತ್ತದೆ. 2018ರಲ್ಲಿ ಗೂಗಲ್ ತನ್ನ ನಕ್ಷೆಯ ದರಪಟ್ಟಿ ಬದಲಿಸಿತು. ಅದಕ್ಕೆ ಮುಂಚೆ ದಿನಕ್ಕೆ 25,000 ಸಲ ಪುಕ್ಕಟೆ ತೆರೆಯಬಹುದಾಗಿದ್ದ ನಕ್ಷೆ ಆಮೇಲೆ ತಿಂಗಳಿಗೆ ಸುಮಾರು 28,000 ಸಲಕ್ಕೆ ಇಳಿಯಿತು. ಅನೇಕ ಸಣ್ಣಪುಟ್ಟ ಕಂಪನಿಗಳು ಆಗ ಹುಡುಕಿಕೊಂಡು ಹೋದದ್ದು ಓಪನ್‌ಸ್ಟ್ರೀಟ್‌ಮ್ಯಾಪನ್ನು. ಅದನ್ನು 2004ರಲ್ಲಿ ಶುರು ಮಾಡಿದವನು ಇಂಗ್ಲೆಂಡಿನ ಸ್ಟೀವ್ ಕೋಸ್ಟ್. ಆಗ ಅಲ್ಲಿನ ಸರ್ಕಾರಿ ನಕ್ಷೆಯ ಮಾಹಿತಿ ದುಬಾರಿಯಾಗಿತ್ತು, ಕೊಂಡರೂ ಬೇಕಾದ ಹಾಗೆ ಬಳಸುವಂತಿರಲಿಲ್ಲ. ಜನರೇ ಓಡಾಡಿ ತಮ್ಮ ತಮ್ಮ ಬೀದಿ ಬರೆದುಕೊಂಡರಾಯಿತು ಎಂಬುದು ಅವನ ಲೆಕ್ಕಾಚಾರ.

ನಕ್ಷೆ ಹಿಂದಿನಿಂದಲೂ ದಂಡಿನವರ, ಕಂದಾಯದವರ ಸೊತ್ತು. ಟಿಪ್ಪು ಬಿದ್ದ ಮರುವರ್ಷವೇ, 1800ರಲ್ಲಿ, ಬ್ರಿಟಿಷ್ ದಂಡಿನ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಹತ್ತಿರ ಸರಪಳಿ ಹಿಡಿದು ನೆಲ ಅಳೆಯತೊಡಗಿದ. ಇವತ್ತು ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಗ್ರಾಸ್ ಎಂಬ ನಕ್ಷೆ ತಂತ್ರಾಂಶ ಕೂಡ 1982ರಲ್ಲಿ ಅಮೆರಿಕದ ಸೇನೆಯ ಪ್ರಯೋಗಾಲಯದಲ್ಲಿ ಹುಟ್ಟಿದ್ದು. ನಮ್ಮ ದೇಶದಲ್ಲಿ ನಕ್ಷೆ ಮಾಡುವವರು ಮುಂಚಿತವಾಗಿ ಅನುಮತಿ ಪಡೆಯಬೇಕೆಂಬ ಕಟ್ಟಳೆಯನ್ನು ಕೇಂದ್ರ ಸರ್ಕಾರ ಸಡಿಲಿಸಿದ್ದು 2021ರ ಫೆಬ್ರವರಿಯಲ್ಲಿ. ಲ್ಯಾಂಬ್ಟನ್ನಿಂದ ಷಡ್ಡಕನವರೆಗೆ ಸರದಿ ಬರಲು 220 ಚಿಲ್ಲರೆ ವರ್ಷ ಹಿಡಿಯಿತು.

ಹುಡುಗಿ ಹಿಡಿದ ತಂತ್ರಾಂಶ ಕ್ಯೂಜಿಐಎಸ್. ಅಲಾಸ್ಕಾದ ಗ್ಯಾರಿ ಶೆರ್ಮನ್ 2002ರಲ್ಲಿ ಶುರು ಮಾಡಿದ್ದು, ಈಗ ಹಲವು ದೇಶಗಳ ಸ್ವಯಂಸೇವಕರು ಬೆಳೆಸುತ್ತಿರುವುದು. ಅದರ ಹಲವು ಆವೃತ್ತಿಗಳಿಗೆ ಜಾಗಗಳ ಹೆಸರು: ಮದೀರಾ, ಹ್ಯಾನೋವರ್, ಫಿರೆಂಜೆ, ಪ್ರಿಜ್ರೆನ್. ಅದನ್ನು ಬೆಳೆಸುವವರು ಸಭೆ ಸೇರಿದ ಜಾಗಗಳಂತೆ. ಒಮ್ಮೆ ಮದ್ದೂರಿನಲ್ಲೂ ಸೇರಲಿ ಎಂದು ನನ್ನ ಆಸೆ, ತಿಂಡಿಗಂತೂ ಕೊರತೆಯಾಗದು.

ಅಂಗಡಿಯ ಹೆಸರು, ಅಕ್ಷಾಂಶ, ರೇಖಾಂಶ, ಹಾಕಿದ ಪ್ಯಾಕೆಟ್ಟು, ವಾಪಸ್ ಬಂದ ಪ್ಯಾಕೆಟ್ಟು ಎಂದು ಪಟ್ಟಿ ಮಾಡಿ ಅವಳು ಅದರೊಳಗೆ ಸುರಿದಳು. ಮೊದಲ ಸಲ ಅಕ್ಷಾಂಶ ರೇಖಾಂಶ ಅದಲುಬದಲಾಗಿ, ವಿಜಯನಗರ ನಾಲ್ಕನೇ ಹಂತ ಸಮೇತ ಇಡೀ ವ್ಯಾಪಾರ ಉತ್ತರ ಧ್ರುವದ ಕಡೆಗೆ, ಸ್ವಾಲ್ಬಾರ್ಡ್ ದ್ವೀಪಗಳ ಪಕ್ಕದ ಸಮುದ್ರಕ್ಕೆ ಬಿತ್ತು. "ಒಳ್ಳೇದೇ ಆಯ್ತು ಬಿಡು, ಅಲ್ಲಾದ್ರೆ ಹಿಟ್ಟು ಹುಳಿಯಾಗಲ್ಲ" ಎಂದ ಷಡ್ಡಕ. ಎರಡನೆಯ ಸಲ, ರುಬ್ಬುವ ಶೆಡ್ಡಿನ ಸುತ್ತ ಎರಡು ಕಿಲೋಮೀಟರಿನ ವೃತ್ತ ಎಳೆಯಲು ಹೋದಳು. ತಂತ್ರಾಂಶ ಲೆಕ್ಕ ಹಾಕುತ್ತಿದ್ದದ್ದು ಡಿಗ್ರಿಯಲ್ಲಿ. ಎರಡು ಡಿಗ್ರಿ ಎಂದರೆ ಹತ್ತಿರ ಹತ್ತಿರ 220 ಕಿಲೋಮೀಟರು! ಬೆಂಗಳೂರು, ಮಂಗಳೂರು, ಕೋಯಿಕ್ಕೋಡ್ ಎಲ್ಲವೂ ನಮ್ಮ ಷಡ್ಡಕನ ಹಿಟ್ಟಿನ ಸೀಮೆಯೊಳಗೆ ಬಂದವು. ಅಳತೆಯನ್ನು ಮೀಟರಿಗೆ ತಿದ್ದಿದ ಮೇಲೆ ಸಾಮ್ರಾಜ್ಯ ಕುಗ್ಗಿ ಬೋಗಾದಿಗೆ ಬಂದು ನಿಂತಿತು. ಅವನ ಮುಖ ಸ್ವಲ್ಪ ಬಾಡಿತು.

ಕೆಲಸಕ್ಕೆ ಬಂದದ್ದು ಮುಂದಿನ ಚಿತ್ರ. ವಾಪಸ್ ಹೆಚ್ಚಾದಷ್ಟೂ ಚುಕ್ಕಿ ದಪ್ಪವಾಗುವಂತೆ ಅವಳು ಮಾಡಿದಾಗ, ದಪ್ಪ ಕೆಂಪು ಚುಕ್ಕಿಗಳೆಲ್ಲ ದಟ್ಟಗಳ್ಳಿಯ ಕಡೆಗೇ ಸಾಲುಗಟ್ಟಿದವು. ಆ ಅಂಗಡಿಯವರು ರಾತ್ರಿ ಫ್ರಿಜ್ ಆರಿಸಿ ಕರೆಂಟ್ ಉಳಿಸುತ್ತಾರೆ ಎಂದು ಇವನು ವರ್ಷಗಟ್ಟಲೆ ಶಪಿಸಿದ್ದ. ನೋಡಿದರೆ ಆಟೋ ಎಲ್ಲರಿಗೂ ಕೊನೆಗೆ ಹೋಗುತ್ತಿದ್ದದ್ದೇ ಅಲ್ಲಿಗೆ. ಹಿಟ್ಟು ಬಿಸಿಲು ಕಂಡೇ ಅಂಗಡಿಯ ಮೆಟ್ಟಿಲೇರುತ್ತಿತ್ತು. ಪುಸ್ತಕದ ಲೆಕ್ಕದಲ್ಲಿ ಆ ಅಂಗಡಿಗಳು ಬೇರೆ ಬೇರೆ ಪುಟದಲ್ಲಿದ್ದವು, ನಕ್ಷೆಯಲ್ಲಿ ಅಕ್ಕಪಕ್ಕ ಬಂದು ಕೂತವು.

ಹಾಗಾದರೆ ಯಾವ ಅಂಗಡಿ ಮೊದಲು, ಯಾವುದು ಆಮೇಲೆ? ಕೇಳಲು ಸಣ್ಣ ಪ್ರಶ್ನೆ. ಹತ್ತೇ ಅಂಗಡಿ ಇದ್ದರೂ ಸುತ್ತುವ ಕ್ರಮಗಳು 36,28,800. ನಲವತ್ತಾದರೆ ಅದು 48 ಅಂಕೆಯ ಸಂಖ್ಯೆ. ಎಲ್ಲವನ್ನೂ ತಾಳೆ ನೋಡಲು ಕೂತರೆ ಹಿಟ್ಟಿನ ಕಥೆ ಹೇಳಲೇಬೇಕಿಲ್ಲ. ಇದಕ್ಕೂ ಪುಕ್ಕಟೆ ಸರಂಜಾಮು ಉಂಟು. ಜರ್ಮನಿಯ ಕಾರ್ಲ್ಸ್‌ರೂ ವಿಶ್ವವಿದ್ಯಾಲಯದಲ್ಲಿ ಮೊಳೆತ ಓಎಸ್‌ಆರ್‌ಎಂ ಒಂದು ಕಡೆಯಿಂದ ಇನ್ನೊಂದಕ್ಕೆ ಬೇಗ ತಲುಪುವ ದಾರಿ ಕೊಡುತ್ತದೆ. ವ್ರೂಮ್ ಎಂಬುದು ಅಂಗಡಿಗಳ ಸರದಿ ಹೊಂದಿಸುತ್ತದೆ. ಅತ್ಯುತ್ತಮ ಸರದಿಯೇ ಸಿಕ್ಕಿತೆಂದು ಆಣೆ ಮಾಡುವುದಿಲ್ಲ, ಸಾಕಷ್ಟು ಒಳ್ಳೆಯದನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ಕೊಡುತ್ತದೆ. ಪುಕ್ಕಟೆ ಅಂದೆನಲ್ಲ, ಸರ್ವರಿನ ಬಾಡಿಗೆ ನಮ್ಮದೇ, ರಾತ್ರಿ ನಿದ್ದೆಗೆಡುವುದೂ ನಮ್ಮದೇ. ಕೆಟ್ಟರೆ ಬೈಯಲು ಒಂದು ಕಸ್ಟಮರ್ ಕೇರ್ ನಂಬರೂ ಇಲ್ಲ ಎಂಬುದು ಷಡ್ಡಕನ ಮುಖ್ಯ ತಕರಾರು.

ಕಂಪ್ಯೂಟರ್ ಕೊಟ್ಟ ದಾರಿಯನ್ನು ಡ್ರೈವರಣ್ಣ ಕನ್ನಡಕ ಹಾಕಿಕೊಂಡು ನೋಡಿದ. "ಇಲ್ಲಿ ಯುಜಿಡಿಗೆ ಅಗ್ದವ್ರೆ. ಈ ರಸ್ತೇಲಿ ಬೆಳಿಗ್ಗೆ ಹೂವಿನವ್ರು ಕೂತಿರ್ತಾರೆ, ಆಟೋ ನುಗ್ಗಲ್ಲ. ಈ ಎರಡು ರಸ್ತೆ ಮಧ್ಯೆ ಒಂದು ಸಂದಿ ಐತಲ್ಲ, ಅದೇ ಇಲ್ವಲ್ಲವ್ವಾ ನಿಮ್ಮ ಮ್ಯಾಪಲ್ಲಿ!" ಅವಳು ಅವನ ಪಕ್ಕದಲ್ಲಿ ಕೂತು ಆಟೋದಲ್ಲೇ ಸುತ್ತಿ, ಆ ಸಂದಿಯನ್ನು ಓಪನ್‌ಸ್ಟ್ರೀಟ್‌ಮ್ಯಾಪಿಗೆ ಸೇರಿಸಿದಳು. ರಸ್ತೆಗಳಿಗೆ ಕನ್ನಡದಲ್ಲೂ ಹೆಸರು ಬರೆದಳು, ಅದಕ್ಕೆ ಅಲ್ಲಿ ಪ್ರತ್ಯೇಕ ಜಾಗವೇ ಇದೆ. ಅಷ್ಟು ವರ್ಷ ಒಬ್ಬನ ತಲೆಯಲ್ಲಿದ್ದ ಸಂದಿ ಅವತ್ತು ಪ್ರಪಂಚಕ್ಕೆ ಸಿಕ್ಕಿತು.

ಪ್ರಪಂಚಕ್ಕೆ ಎಂಬಲ್ಲೇ ಜಗಳ ಎದ್ದದ್ದು. ಆ ನಕ್ಷೆಯ ಕರಾರಿನ ಪ್ರಕಾರ ಯಾರು ಬೇಕಾದರೂ ಅದನ್ನು ವ್ಯಾಪಾರಕ್ಕೆ ಬಳಸಬಹುದು, ಬರೆದವರ ಋಣವನ್ನು ನಕ್ಷೆಯ ಮೂಲೆಯಲ್ಲಿ ನಮೂದಿಸಬೇಕು. ಅಮೆಜಾನ್, ಮೆಟಾ, ಮೈಕ್ರೋಸಾಫ್ಟ್, ಟಾಮ್‌ಟಾಮ್ ಸೇರಿ 2022ರಲ್ಲಿ ಕಟ್ಟಿದ ಓವರ್ಚರ್ ಎಂಬ ನಕ್ಷೆ ಯೋಜನೆ ಕೂಡ ತನ್ನ ರಸ್ತೆಗಳಿಗೆ ಇದನ್ನೇ ನೆಚ್ಚಿಕೊಂಡಿದೆ. ಮೈಕ್ರೋಸಾಫ್ಟಿನ ಬಗ್ಗೆ ಷಡ್ಡಕನಿಗೆ ಚಿಂತೆಯಿಲ್ಲ. "ನಾವು ಪೆಟ್ರೋಲ್ ಸುಟ್ಟು ಹುಡುಕಿದ ಸಂದಿ, ಆ ಪಕ್ಕದ ರೋಡಿನ ಹಿಟ್ಟಿನವನಿಗೂ ಪುಕ್ಕಟೆನಾ?" ಎಂದು ನನ್ನ ಕಡೆ ತಿರುಗಿದ. "ನೀವೇ ಹೇಳಿ ಅಣ್ಣ, ಇದು ನ್ಯಾಯನಾ?" ನಾನು ಕಾಫಿ ಲೋಟದೊಳಗೆ ನೋಡಿದೆ. ಮಗಳೇ ಉತ್ತರ ಕೊಟ್ಟಳು: "ಗಿರಾಕಿ ಪಟ್ಟಿ ನಮ್ಮ ಕಂಪ್ಯೂಟರಲ್ಲಿದೆ, ಅದು ಯಾರಿಗೂ ಸಿಗಲ್ಲ. ರಿಂಗ್ ರೋಡ್ ಬರೆದವರು ಯಾರಪ್ಪಾ, ನೀವಾ?" ಅವಳ ಪಕ್ಷವೇ ಸರಿ ಅನ್ನಿಸಿತು. ಆದರೆ ಷಡ್ಡಕನ ಮನೆಯಲ್ಲಿ ಕೂತು, ಅವನ ಕಾಫಿ ಕುಡಿಯುತ್ತಾ ಅದನ್ನು ಹೇಳುವುದು ಹೇಗೆ?

ಕೊನೆಗೆ ಅವನು ರಾಜಿಗೆ ಬಂದ. ಸಂದಿ ಇರಲಿ, ಬದಲಿಗೆ ತನ್ನ ಅಂಗಡಿಯೂ ನಕ್ಷೆಯಲ್ಲಿ ಬರಬೇಕು, "ಮೈಸೂರಿನ ನಂಬರ್ ಒನ್ ಹಿಟ್ಟು" ಎಂಬ ಬಿರುದಿನೊಂದಿಗೆ. ಅಲ್ಲಿ ಜಾಹೀರಾತು ಬರೆಯುವಂತಿಲ್ಲ, ಹೆಸರು, ಬಾಗಿಲು ತೆಗೆಯುವ ಹೊತ್ತು ಇಷ್ಟೇ ಎಂದಳು ಮಗಳು. ಅದಕ್ಕೂ ಒಪ್ಪಿದ. ಈಗ ಇದು ಎಂಥ ಅಂಗಡಿ ಎಂದು ಗುರುತಿಸಬೇಕಲ್ಲ? ಚೀಸಿಗೆ ಬೇರೆ ಗುರುತಿದೆ, ವೈನಿಗೆ ಬೇರೆ, ಪೇಸ್ಟ್ರಿಗೆ ಬೇರೆ, ಪಾಸ್ತಾಕ್ಕೂ ಒಂದಿದೆ. ಎಷ್ಟು ಹುಡುಕಿದರೂ ದೋಸೆ ಹಿಟ್ಟಿಗೆ ಸಿಗಲಿಲ್ಲ. ಸದ್ಯಕ್ಕೆ ಇರಲಿ ಎಂದು ಅವಳು ಬೇಕರಿ ಎಂದು ಹಾಕಿದಳು.

"ಬೇಕರಿನಾ? ನಾವೇನು ಬನ್ನು ಮಾರ್ತೀವಾ?" ಎಂದು ಷಡ್ಡಕ ಕೂಗಿದ್ದು ಅಡುಗೆಮನೆಯವರೆಗೂ ಕೇಳಿಸಿತು.