ಗ್ರೇಡ್ ದೊರೆಗಳಿಗೆ ಭೀಮಾ ತೀರದಿಂದ ಒಂದು ಅರ್ಜಿ

ಇವರಿಗೆ,
ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್ ಮತ್ತು ಶ್ರೇಯಾಂಕ ಕೊಡುವ ಎನ್‌ಐಆರ್‌ಎಫ್‌ನಲ್ಲಿ ಅಂಕ ಹಾಕುವ ಮಹನೀಯರು,
ನಾಗರಬಾವಿ, ಬೆಂಗಳೂರು ಹಾಗೂ ನವದೆಹಲಿ.

ವಿಷಯ: ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳ ಕಾಲೇಜುಗಳನ್ನು ದೇಶದ ಮಹಾ ವಿದ್ಯಾಸಂಸ್ಥೆಗಳ ಜೊತೆ ತೂಗಿ ನಮ್ಮನ್ನು ಪಾವನಗೊಳಿಸುವ ಕುರಿತು.
ಉಲ್ಲೇಖ: ತಾವು ಇದುವರೆಗೆ ನಮಗೆ ಬರೆಯದ ಎಲ್ಲ ಪತ್ರಗಳು.

ಮಾನ್ಯರೇ,

ಮೊದಲು ಅಭಿನಂದನೆ. 2016ರಲ್ಲಿ ಎನ್‌ಐಆರ್‌ಎಫ್‌ನ ಮೊದಲ ಪಟ್ಟಿ ಬಂದಾಗಿನಿಂದ ದೇಶದ ವಿಶ್ವವಿದ್ಯಾಲಯಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೇ ಮೊದಲನೆಯದು ಎಂದು ವರ್ಷ ವರ್ಷವೂ ಹೊಸದಾಗಿ ಕಂಡುಹಿಡಿಯುತ್ತಿದ್ದೀರಿ. ಆಳಂದ ಬಸ್ ನಿಲ್ದಾಣದ ಚಹಾದಂಗಡಿಯವರನ್ನು ಕೇಳಿದ್ದರೆ ಅವರೂ ಪುಕ್ಕಟೆಯಾಗಿ ಇದನ್ನೇ ಹೇಳುತ್ತಿದ್ದರು. ಆದರೆ ಅವರ ಮಾತಿಗೆ ದಶಮಾಂಶ ಇರುತ್ತಿರಲಿಲ್ಲ. ತಮ್ಮ ನೂರು ಅಂಕಗಳಲ್ಲಿ ಹತ್ತು ‘ಜನಾಭಿಪ್ರಾಯ’ಕ್ಕೆ ಮೀಸಲು ಎಂದು ಕೇಳಿ ಖುಷಿಪಟ್ಟಿದ್ದೆವು. ಆಮೇಲೆ ತಿಳಿಯಿತು, ಆ ಜನ ಎಂದರೆ ಪ್ರಾಧ್ಯಾಪಕರು ಮತ್ತು ಕೆಲಸ ಕೊಡುವ ಕಂಪನಿಯವರು. ಮಗಳನ್ನು ಕಾಲೇಜಿಗೆ ಸೇರಿಸಲು ಬಂದ ತಾಯಿ ಆ ಜನದಲ್ಲಿ ಇಲ್ಲ.

ಹಾಗೆಂದು ನಮ್ಮಲ್ಲಿ ಹೋಲಿಕೆಯೇ ನಡೆಯುವುದಿಲ್ಲ ಎಂದಲ್ಲ. ಪ್ರವೇಶದ ದಿನಗಳಲ್ಲಿ ಯಾವ ಕಾಲೇಜಿನ ಕಚೇರಿಯ ಕಿಟಕಿಯಲ್ಲಾದರೂ ಇಂಥ ಮಾತು ಕಿವಿಗೆ ಬೀಳುತ್ತದೆ:

“ಇಂಗ್ಲಿಷ್ ಕಲಸೋ ಮಾಸ್ತರ್ ಅದಾರೇನ್ರಿ? ಸಂಜೀ ಬಸ್ ಎಷ್ಟಕ್ಕ ಅದ? ಹಾಸ್ಟೆಲ್‌ದಾಗ ಸೀಟ್ ಸಿಗ್ತದೇನ್ರಿ?”

“ನಮ್ಮ ಕಾಲೇಜಿಗಿ ಬಿ ಪ್ಲಸ್ ಅದವ್ವ.”

“ಬಿ ಪ್ಲಸ್ ಹಿಡಕೊಂಡು ನಾ ಏನ್ ಮಾಡ್ಲಿ ಸರ? ಮಾಸ್ತರ್ ಅದಾರೋ ಇಲ್ಲೋ, ಅಷ್ಟು ಹೇಳ್ರಿ.”

ಪಾಪ, ಆ ತಾಯಿಗೆ ಗೊತ್ತಿಲ್ಲ. ತಮ್ಮ ನ್ಯಾಕ್ ಗ್ರೇಡಿನ ನಾಲ್ಕರ ಮಾಪನದಲ್ಲಿ 2.50 ಬಂದರೆ ಬಿ, 2.51 ಬಂದರೆ ಬಿ ಪ್ಲಸ್. ಆ 0.01ರ ಅಂತರದಲ್ಲಿ ಎಷ್ಟು ಫೈಲು, ಎಷ್ಟು ರಾತ್ರಿ, ಎಷ್ಟು ಝೆರಾಕ್ಸ್ ಅಡಗಿವೆ ಎಂಬುದು ಕಿಟಕಿಯ ಒಳಗಿನವರಿಗಷ್ಟೇ ಗೊತ್ತು. 2024ರ ಜನವರಿಯಲ್ಲಿ ಈ ಅಕ್ಷರಗಳ ಬದಲು ಮಾನ್ಯತೆ ‘ಉಂಟು’ ಅಥವಾ ‘ಇಲ್ಲ’ ಎಂಬ ಎರಡೇ ಮಾತಿನ ಪದ್ಧತಿ ತರುತ್ತೇವೆಂದು ತಾವು ಪ್ರಕಟಿಸಿದಿರಿ. ನಿಜಕ್ಕೂ ಆ ತಾಯಿ ಕೇಳಿದ್ದು ಅದನ್ನೇ. ಉಂಟೋ ಇಲ್ಲವೋ? ಆಕೆ ಕೇಳಿದ್ದು ಮಾಸ್ತರರ ಬಗ್ಗೆ, ಅಷ್ಟೇ ವ್ಯತ್ಯಾಸ.

ನಮ್ಮ ಮೂರು ತಾಲೂಕುಗಳಲ್ಲಿ ಆಳಂದದವರಿಗೆ ತುಸು ಗತ್ತು ಜಾಸ್ತಿ. 2009ರ ಕಾಯ್ದೆಯಿಂದ ಹುಟ್ಟಿದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಅವರ ಕಡಗಂಚಿಯಲ್ಲೇ ಇದೆ. ದೂರದ ರಾಜ್ಯಗಳ ಹುಡುಗರು ರೈಲು ಹತ್ತಿ ಅಲ್ಲಿಗೆ ಓದಲು ಬರುತ್ತಾರೆ. ಪಕ್ಕದ ಹೊಲದ ಹುಡುಗ ಆ ಗೇಟು ದಾಟಬೇಕಾದರೆ 2022ರಿಂದ ಸಿಯುಇಟಿ ಎಂಬ ಅಖಿಲ ಭಾರತ ಪರೀಕ್ಷೆ ದಾಟಬೇಕು. ಆದರೂ ತಾಲೂಕುವಾರು ಸರಾಸರಿ ತೆಗೆದರೆ ಆಳಂದಕ್ಕೆ ಸೋಲಿಲ್ಲ. ಸರಾಸರಿಯ ಮಹಿಮೆ ಅಂಥದು. ಕಂಪೌಂಡಿನೊಳಗಿನ ಒಬ್ಬ ಪ್ರೊಫೆಸರನ್ನೂ ಹೊರಗಿನ ಒಂದು ಖಾಲಿ ಕುರ್ಚಿಯನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಎರಡೂ ಕಡೆ ಅರ್ಧರ್ಧ ಪ್ರೊಫೆಸರ್ ಸಿಗುತ್ತಾರೆ. ಅಫಜಲಪುರ ಮತ್ತು ಜೇವರ್ಗಿಯವರು ನಮಗೂ ಇಂಥ ಅರ್ಧ ಪ್ರೊಫೆಸರ್ ಮಂಜೂರು ಮಾಡಿ ಎಂದು ಕೇಳುತ್ತಿದ್ದಾರೆ. ದಯವಿಟ್ಟು ಪರಿಶೀಲಿಸಿ.

ತಮ್ಮ ‘ವಿದ್ಯಾರ್ಥಿ ತೃಪ್ತಿ ಸಮೀಕ್ಷೆ’ಯ ಮೊದಲ ಪ್ರಶ್ನೆ ನನಗೆ ಬಹಳ ಹಿಡಿಸಿತು. ಪಠ್ಯಕ್ರಮದ ಎಷ್ಟು ಭಾಗವನ್ನು ತರಗತಿಯಲ್ಲಿ ಮುಗಿಸಿದರು? ಉತ್ತರಗಳು ಶೇಕಡಾ 85ರಿಂದ 100ರವರೆಗೆ ಎಂಬಲ್ಲಿಂದ ಶುರುವಾಗಿ ಶೇಕಡಾ 30ಕ್ಕಿಂತ ಕಡಿಮೆ ಎಂಬಲ್ಲಿಗೆ ನಿಲ್ಲುತ್ತವೆ. ಅಲ್ಲಿಂದ ಕೆಳಗೆ ತಾವು ಇಳಿದಿಲ್ಲ. ‘ಆ ವಿಷಯಕ್ಕೆ ಇನ್ನೂ ಯಾರೂ ಬಂದಿಲ್ಲ’ ಎಂಬ ಆರನೆಯ ಉತ್ತರವೊಂದನ್ನು ಸೇರಿಸಿದರೆ ನಮ್ಮ ಮಕ್ಕಳಿಗೆ ಉಪಕಾರವಾಗುತ್ತದೆ. 2023ರ ನವೆಂಬರ್ ಕೊನೆಯಲ್ಲಿ ರಾಜ್ಯದ ಅತಿಥಿ ಉಪನ್ಯಾಸಕರು ಸೇವಾ ಭದ್ರತೆ ಕೇಳಿ ತರಗತಿ ಬಹಿಷ್ಕರಿಸಿದರಲ್ಲ, ಆಗ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳ ತರಗತಿಗಳು ಭಣಭಣ ಎಂದವು. ಆ ಕಾಲೇಜುಗಳನ್ನು ನಡೆಸುತ್ತಿದ್ದವರು ಯಾರು ಎಂಬುದಕ್ಕೆ ಅದಕ್ಕಿಂತ ಕರಾರುವಾಕ್ಕಾದ ಮೌಲ್ಯಮಾಪನ ಇನ್ನೊಂದು ನಡೆದಿಲ್ಲ. ವರ್ಷದಿಂದ ವರ್ಷಕ್ಕೆ ಆದೇಶಕ್ಕಾಗಿ ಕಾಯುತ್ತ, ರಜೆಯ ತಿಂಗಳಿಗೆ ಗೌರವಧನವಿಲ್ಲದೆ ಇರುವ ಆ ಮೇಷ್ಟ್ರು ಬಿಡುವಿನಲ್ಲಿ ಅಂತರರಾಷ್ಟ್ರೀಯ ಜರ್ನಲ್‌ಗೆ ಪ್ರಬಂಧ ಬರೆದು ‘ಸಂಶೋಧನೆ’ಯ ಅಂಕವನ್ನೂ ತಂದುಕೊಡಬೇಕು ಎಂಬ ತಮ್ಮ ನಿರೀಕ್ಷೆ ದೊಡ್ಡದು.

ಪ್ರಾದೇಶಿಕ ವೈವಿಧ್ಯಕ್ಕೂ ಅಂಕ ಇಟ್ಟಿದ್ದೀರಿ, ಹೊರರಾಜ್ಯದ ವಿದ್ಯಾರ್ಥಿಗಳಿದ್ದರೆ ಲಾಭ. ಇದರಲ್ಲಿ ಆಳಂದದವರದು ಮತ್ತೆ ಅದೃಷ್ಟ. ಗಡಿಯಾಚೆಯ ಅಕ್ಕಲಕೋಟೆಯಿಂದ ಕನ್ನಡ ಮಾತಾಡುವ ಹುಡುಗನೊಬ್ಬ ಬೈಕಿನಲ್ಲಿ ಬಂದು ಹೆಸರು ಹಚ್ಚಿದರೆ ರಾಷ್ಟ್ರೀಯ ವೈವಿಧ್ಯ ಸಾಧಿಸಿದಂತೆ. ಜೇವರ್ಗಿಗೆ ಯಡ್ರಾಮಿ ಕಡೆಯ ಹಳ್ಳಿಯಿಂದ ಎರಡು ಬಸ್ ಬದಲಿಸಿ ಬರುವ ಹುಡುಗಿ, ಮನೆತನದಲ್ಲೇ ಮೊದಲ ಬಾರಿಗೆ ಕಾಲೇಜು ಕಂಡವಳು, ಆ ಕಲಮಿನಲ್ಲಿ ಬರೀ ಸ್ಥಳೀಯಳು.

ಇನ್ನು ನ್ಯಾಕ್ ಪರಿಶೀಲನಾ ತಂಡದ ವಿಚಾರ. ತಂಡ ಬರುತ್ತಿದ್ದ ವಾರ ಊರಿಗೆಲ್ಲ ಗೊತ್ತಾಗುತ್ತಿತ್ತು. ಗೋಡೆಗೆ ಸುಣ್ಣ, ಗೇಟಿಗೆ ಬಣ್ಣ, ವರಾಂಡಕ್ಕೆ ಬಾಡಿಗೆಯ ಹೂಕುಂಡ. ವರ್ಷಗಟ್ಟಲೆ ಬೀಗ ಕಂಡಿದ್ದ ಪುಸ್ತಕದ ಕಪಾಟಿಗೆ ಗಾಳಿಯಾಡುತ್ತಿತ್ತು. 2025ರ ಫೆಬ್ರುವರಿಯಲ್ಲಿ ಆಂಧ್ರದ ಖಾಸಗಿ ಸಂಸ್ಥೆಯೊಂದಕ್ಕೆ ಹೋಗಿದ್ದ ತಂಡದವರನ್ನು, ಒಳ್ಳೆಯ ಗ್ರೇಡಿಗಾಗಿ ನಗದು, ಚಿನ್ನ, ಮೊಬೈಲು, ಲ್ಯಾಪ್‌ಟಾಪ್ ಪಡೆದ ಆರೋಪದ ಮೇಲೆ ಸಿಬಿಐ ಬಂಧಿಸಿದ ಸುದ್ದಿ ಓದಿ ನಾವು ಕುಗ್ಗಿಹೋದೆವು. ಕೊಡಲು ನಮ್ಮ ಹತ್ತಿರ ಇರುವುದು 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ತೊಗರಿಯೊಂದೇ. ಅದನ್ನು ನಂಬಿ ಕೂತರೆ ತಮ್ಮ ಹತ್ತಿರ ನಮ್ಮ ಬೇಳೆ ಬೇಯುವುದಿಲ್ಲ.

ನಮ್ಮ ಜಿಲ್ಲೆಗೆ ಗುಣಮಟ್ಟವೆಂದರೆ ಏನೆಂದು ಗೊತ್ತೇ ಇಲ್ಲ ಎಂದು ಮಾತ್ರ ತಿಳಿಯಬೇಡಿ. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ 1058ರ ಶಾಸನವಿದೆ. ಅದು ಹೇಳುವಂತೆ ಚಾಲುಕ್ಯರ ಕಾಲದ ಅಲ್ಲಿನ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರದಲ್ಲಿ ವೇದ ಓದುವವರು 200, ಶಾಸ್ತ್ರ ಓದುವವರು 52. ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರು. ಇವರಲ್ಲದೆ ಪುಸ್ತಕ ಭಂಡಾರ ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗಳು. ತಮ್ಮ ಲೆಕ್ಕ ಹಿಡಿದರೆ ಒಬ್ಬ ಉಪಾಧ್ಯಾಯರಿಗೆ 42 ವಿದ್ಯಾರ್ಥಿಗಳು, ಅನುಪಾತದಲ್ಲಿ ನಪಾಸು. ಸ್ಮಾರ್ಟ್ ಬೋರ್ಡ್ ಇಲ್ಲ, ಒಡಂಬಡಿಕೆ ಪತ್ರಗಳಿಲ್ಲ, ಪ್ಲೇಸ್‌ಮೆಂಟ್ ಘಟಕ ಇಲ್ಲ. ಆದರೆ ಆ ಶಾಸನವೆಂಬ ವರದಿಯಲ್ಲಿ ಒಂದು ವಿಶೇಷವಿದೆ. ಎಷ್ಟು ಹುದ್ದೆ, ಅವರ ಜೀವನಕ್ಕೆ ಯಾವ ಭೂಮಿ ಎಂಬುದನ್ನು ಕಲ್ಲಿನಲ್ಲಿ ಕೊರೆಸಿಟ್ಟಿದ್ದಾರೆ. ಈಗ ಒಬ್ಬ ಗ್ರಂಥಪಾಲಕರ ಹುದ್ದೆಯೂ ಭರ್ತಿಯಾಗದ ಎಷ್ಟೋ ಕಾಲೇಜುಗಳ ವರದಿ ಮಾತ್ರ ಬಣ್ಣದ ಪಿಡಿಎಫ್‌ನಲ್ಲಿ ಬರುತ್ತದೆ.

ಆದ್ದರಿಂದ ತಮ್ಮ ಮಾನದಂಡಗಳಿಗೆ ಭಂಗ ಬಾರದಂತೆ ನಮ್ಮ ಕಡೆಯಿಂದ ನಾಲ್ಕು ಸೇರ್ಪಡೆಗಳನ್ನು ಸೂಚಿಸುತ್ತೇವೆ.

ಒಂದು, ಮೊದಲ ಗಂಟೆ. ತರಗತಿ ಶುರುವಾದ ದಿನವೇ ಪ್ರತಿ ವಿಷಯಕ್ಕೂ ಮಾಸ್ತರ್ ಇದ್ದರೆ ನಲವತ್ತು ಅಂಕ.

ಎರಡು, ಕೊನೆಯ ಬಸ್. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪುಕ್ಕಟೆ, ಆದರೆ ಪ್ರಾಯೋಗಿಕ ತರಗತಿ ಮುಗಿಯುವ ಹೊತ್ತಿಗೆ ಬಸ್ಸೇ ಇಲ್ಲದಿದ್ದರೆ ಪುಕ್ಕಟೆ ಟಿಕೆಟ್ ಹಿಡಿದು ಎಲ್ಲಿ ಕೂರಬೇಕು? ಇದಕ್ಕೆ ಇಪ್ಪತ್ತು.

ಮೂರು, ಹುಡುಗಿಯರ ಶೌಚಾಲಯದ ನಲ್ಲಿ. ತಂಡದವರೇ ಕೈಯಾರೆ ತಿರುವಿ ನೋಡಬೇಕು. ನೀರು ಬಂದರೆ ಹತ್ತು.

ನಾಲ್ಕು, ತೊಗರಿ ರಾಶಿ. ಡಿಸೆಂಬರ್, ಜನವರಿಯಲ್ಲಿ ಕಟಾವಿಗೆ ಹೋದವರು, ಅಪ್ಪ ಅವ್ವನ ಜೊತೆ ಪುಣೆ, ಮುಂಬೈಗೆ ದುಡಿಯಲು ಹೋದವರು ಮತ್ತೆ ಬಂದು ಪರೀಕ್ಷೆಗೆ ಕೂತರೇ? ಅವರನ್ನು ಹುಡುಕಿ ಕರೆತಂದ ಕಾಲೇಜಿಗೆ ಉಳಿದ ಮೂವತ್ತೂ.

ಓದಿದ ಮಕ್ಕಳು ಎಲ್ಲಿಗೆ ತಲುಪಿದರು ಎಂದಷ್ಟೇ ನೋಡಿದರೆ ವಿಜ್ಞಾನ ಸಂಸ್ಥೆಯೇ ಗೆಲ್ಲುತ್ತದೆ, ಗೆಲ್ಲಲಿ. ಎಲ್ಲಿಂದ ಹೊರಟರು ಎಂಬುದನ್ನೂ ಕೂಡಿಸಿ ಅಳೆದರೆ ಅಫಜಲಪುರದ ಒಂದು ಬಿ.ಎ. ಪದವಿಯ ತೂಕ ಎಷ್ಟಾದೀತೆಂದು ತಾವೇ ಗುಣಿಸಿ ನೋಡಿ. ದಶಮಾಂಶ ತಮಗೆ ಚೆನ್ನಾಗಿ ಬರುತ್ತದೆ.

ಪರಿಶೀಲನೆಗೆ ಖಂಡಿತ ಬನ್ನಿ. ದಿನಾಂಕ ಮಾತ್ರ ತಿಳಿಸಬೇಡಿ. ತಿಳಿಸಿ ಬಂದರೆ ತಮಗೆ ಹೂಕುಂಡ ಕಾಣುತ್ತದೆ, ತಿಳಿಸದೆ ಬಂದರೆ ಕಾಲೇಜು ಕಾಣುತ್ತದೆ.

ಇಂತಿ ತಮ್ಮ ವಿಧೇಯ,
ಜೇವರ್ಗಿ ತಾಲೂಕಿನ ಒಬ್ಬ ಪಾಲಕ

ಅಡಕ: ಇಲ್ಲ. ದಾಖಲೆ ತಯಾರಿಸಬೇಕಿದ್ದ ಅತಿಥಿ ಉಪನ್ಯಾಸಕರು ಸದ್ಯ ಪಾಠ ಮಾಡುತ್ತಿದ್ದಾರೆ. ದಯವಿಟ್ಟು ಅವರನ್ನು ಕರೆಯಬೇಡಿ.